ಮೈ ಹಗುರಾಗಲಿ, ಸಕ್ಕರೆ ಹತೋಟಿಗೆ ಬರಲಿ

ಸಕ್ಕರೆ ಕಾಯಿಲೆ ಸಾಹುಕಾರರ ಕಾಯಿಲೆ ಅಂತ ಹಿಂದೆ ಹೇಳುತ್ತಿದ್ದೆವು. ಈಗ ಅದು ಹಳ್ಳಿಗೂ ಬಂದಿದೆ. ಬಾವಿಯಿಂದ ನೀರು ಸೇದುವುದು ತಪ್ಪಿತು. ಒರಳಲ್ಲಿ ರುಬ್ಬುವುದು ತಪ್ಪಿತು. ಅಂಗಡಿಗೆ ಹೋಗಲೂ ಗಾಡಿ ಬಂತು. ಮೈ ಬಗ್ಗಿಸುವ ಕೆಲಸ ಕಡಿಮೆಯಾಯಿತು. ಊಟ ಮಾತ್ರ ಕಡಿಮೆಯಾಗಲಿಲ್ಲ. ಹೊಟ್ಟೆಯ ಸುತ್ತ ಕೊಬ್ಬು ಬೆಳೆಯಿತು.

ಕೊಬ್ಬಿಗೂ ಸಕ್ಕರೆಗೂ ಏನು ಸಂಬಂಧ?

ನಾವು ತಿಂದ ಮುದ್ದೆ, ಅನ್ನ, ರೊಟ್ಟಿ ಜೀರ್ಣವಾಗಿ ಸಕ್ಕರೆಯಾಗುತ್ತವೆ. ಆ ಸಕ್ಕರೆ ರಕ್ತ ಸೇರುತ್ತದೆ. ರಕ್ತದಿಂದ ಅದು ಮೈಯ ಮಾಂಸಖಂಡಗಳಿಗೆ ಹೋಗಬೇಕು. ಆಗ ನಮಗೆ ಶಕ್ತಿ ಬರುತ್ತದೆ. ಈ ಕೆಲಸಕ್ಕೆ ಇನ್ಸುಲಿನ್ ಎಂಬ ರಸ ಬೇಕು. ಇನ್ಸುಲಿನ್ ಅಂದರೆ ಬೀಗ ತೆಗೆಯುವ ಕೀಲಿಕೈ ಇದ್ದ ಹಾಗೆ. ಕೊಬ್ಬು ಹೆಚ್ಚಾದರೆ ಬೀಗಕ್ಕೆ ತುಕ್ಕು ಹಿಡಿದಂತೆ ಆಗುತ್ತದೆ. ಕೀಲಿ ತಿರುಗುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಹೀಗಾದರೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರ ಹಾಳಾಗುತ್ತವೆ.

ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆ ನೋಡೋಣ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಆಯುರ್ವೇದ ಏನು ಹೇಳುತ್ತದೆ?

ಆಯುರ್ವೇದದಲ್ಲಿ ಈ ಬಗೆಯ ಕಾಯಿಲೆಗೆ ಪ್ರಮೇಹ ಎಂಬ ಹೆಸರಿದೆ. ಸುಮ್ಮನೆ ಕೂರುವುದು, ಅತಿಯಾಗಿ ಮಲಗುವುದು, ಬೆಲ್ಲ ಮತ್ತು ಮೊಸರು ಹೆಚ್ಚು ತಿನ್ನುವುದು ಇದಕ್ಕೆ ಕಾರಣ ಎಂದು ಚರಕ ಸಂಹಿತೆ ಹೇಳುತ್ತದೆ. ದಪ್ಪ ಇರುವ ರೋಗಿಗೆ ಒಂದು ಆರೈಕೆ, ಸಣಕಲು ರೋಗಿಗೆ ಇನ್ನೊಂದು ಆರೈಕೆ ಎಂದೂ ಹೇಳುತ್ತದೆ. ದಪ್ಪ ಇರುವವರು ಮೈ ಹಗುರ ಮಾಡಿಕೊಳ್ಳಬೇಕು. ಸುಶ್ರುತ ಸಂಹಿತೆಯ ಮಾತು ಇನ್ನೂ ಸ್ವಾರಸ್ಯ. ಬಡ ರೋಗಿ ಚಪ್ಪಲಿ, ಕೊಡೆ ಇಲ್ಲದೆ ನೂರು ಯೋಜನ ನಡೆಯಬೇಕು, ಇಲ್ಲವೇ ಬಾವಿ ತೋಡಬೇಕು ಎನ್ನುತ್ತದೆ!

ನಡಿಗೆಯ ಮಾತು ಇಂದಿಗೂ ಸರಿ. ಬರಿಗಾಲಿನ ಮಾತು ಮಾತ್ರ ಬೇಡ. ಸಕ್ಕರೆ ಕಾಯಿಲೆಯವರ ಕಾಲು ಜೋಮು ಹಿಡಿದಿರಬಹುದು. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯ ಬೇಗ ಮಾಯುವುದಿಲ್ಲ. ಚಪ್ಪಲಿ ಹಾಕಿಕೊಂಡೇ ನಡೆಯೋಣ. ದಿನಾ ರಾತ್ರಿ ಪಾದ ನೋಡಿಕೊಳ್ಳೋಣ.

ನಾವೇನು ಮಾಡಬೇಕು?

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನವಾದರೂ ಬಿರುಸಾಗಿ ನಡೆಯೋಣ. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ ಇರಲಿ. ಕಾಲು ಭಾಗ ಬೇಳೆ, ಕಾಳು ಇರಲಿ. ಉಳಿದ ಕಾಲು ಭಾಗ ಮುದ್ದೆ ಅಥವಾ ಅನ್ನ. 80 ಕಿಲೋ ತೂಗುವವರು 4ರಿಂದ 8 ಕಿಲೋ ಇಳಿದರೂ ಸಕ್ಕರೆ ಚೆನ್ನಾಗಿ ತಗ್ಗುತ್ತದೆ.

"ರಾಗಿ ಮುದ್ದೆ ಎಷ್ಟು ತಿಂದ್ರೂ ಏನೂ ಆಗಲ್ಲ" ಅಂತಾರೆ. ಇದು ತಪ್ಪು. ರಾಗಿಯಲ್ಲಿ ನಾರು ಇದೆ, ನಿಜ. ಆದರೆ ಅದೂ ಸಕ್ಕರೆಯೇ ಆಗುತ್ತದೆ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿಯಬೇಕು. "ಸಕ್ಕರೆ ಬೇಡ, ಬೆಲ್ಲದ ಕಾಫಿ ಕೊಡಿ" ಅಂತಾರೆ. ಬೆಲ್ಲವೂ ಸಕ್ಕರೆಯಷ್ಟೇ ಕೆಟ್ಟದ್ದು.

ಹಾಗಲಕಾಯಿ, ಮೆಂತ್ಯ ಒಳ್ಳೆಯದಲ್ಲವೇ?

ಊಟದಲ್ಲಿ ಬಳಸಲು ಒಳ್ಳೆಯದು. ಆದರೆ ಅವು ಮಾತ್ರೆಯ ಬದಲಿಗೆ ಅಲ್ಲ. ಹಾಗಲಕಾಯಿ ರಸ ಕುಡಿದೆವು ಎಂದು ಮಾತ್ರೆ, ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಅಪಾಯ. ಮಾತ್ರೆಯ ಜೊತೆ ರಸವನ್ನೂ ಹೆಚ್ಚು ಕುಡಿದರೆ ಸಕ್ಕರೆ ತೀರಾ ಇಳಿಯಬಹುದು. ಆಗ ಕೈ ನಡುಗುತ್ತದೆ, ಬೆವರುತ್ತದೆ, ತಲೆ ಸುತ್ತುತ್ತದೆ. ಕೂಡಲೇ ಸಕ್ಕರೆ ನೀರು ಕುಡಿಯಬೇಕು.

ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ ಬೇಡವೇ ಬೇಡ. ಅದರಲ್ಲಿ ಏನು ಬೆರೆಸಿದ್ದಾರೋ ತಿಳಿಯದು. ಆಯುರ್ವೇದ ಔಷಧಿ ಬೇಕಿದ್ದರೆ ಓದಿದ ವೈದ್ಯರ ಹತ್ತಿರವೇ ಹೋಗೋಣ. ಯಾವ ಮಾತ್ರೆ ತಿನ್ನುತ್ತಿದ್ದೇವೆ ಎಂದು ಅವರಿಗೆ ಹೇಳೋಣ. ತೂಕ ಇಳಿದ ಮೇಲೆ ಮಾತ್ರೆ ಕಡಿಮೆ ಆಗಬಹುದು. ಅದನ್ನು ಡಾಕ್ಟರೇ ಹೇಳಬೇಕು.

ಪರೀಕ್ಷೆ ಎಲ್ಲಿ?

30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಉಚಿತ. ಬರಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಹೆಚ್ಚು ಬಂದರೆ ಡಾಕ್ಟರು ಇನ್ನೊಮ್ಮೆ ಪರೀಕ್ಷಿಸಿ ಕಾಯಿಲೆ ಇದೆಯೇ ಎಂದು ಹೇಳುತ್ತಾರೆ. ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ಈಗ ನಾವೇ ಓದಬಲ್ಲೆವು. ಓದೋಣ, ತಿಂಗಳು ತಿಂಗಳು ಬರೆದಿಡೋಣ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಊಟದ ಜೊತೆ ನಡಿಗೆಯನ್ನೂ ಬಲ್ಲವರಾಗೋಣ.