ಬೆಂದದ್ದು ತೊಡೆ, ಬಳಲಿದ್ದು ಮೂತ್ರಪಿಂಡ

ಹಳಿಯಾಳದ ಓದುಗರೊಬ್ಬರ ಪ್ರಶ್ನೆ: ಬಚ್ಚಲ ಹಂಡೆಯ ಕುದಿನೀರು ಬಿದ್ದು ತೊಡೆ ಬೆಂದವರಿಗೆ ಆಸ್ಪತ್ರೆಯಲ್ಲಿ ಅವಿಲ್ ಕೊಟ್ಟರಂತೆ. ‘ಅದು ಅಲರ್ಜಿಯ ಔಷಧಿಯಲ್ಲವೇ?’ ಹೌದು. ಬಹುಶಃ ತುರಿಕೆಗೆಂದು ಕೊಟ್ಟಿದ್ದಾರೆ. ಮಾಯುವ ಸುಟ್ಟಗಾಯ ವಿಪರೀತ ತುರಿಸುತ್ತದೆ. ಆದರೆ ಈ ಔಷಧಿಗೂ ಸುಟ್ಟಗಾಯಕ್ಕೂ ಇನ್ನೂ ಸ್ವಾರಸ್ಯದ ನಂಟಿದೆ.

ಸೊಳ್ಳೆ ಕಚ್ಚಿದಲ್ಲಿ ದದ್ದು ಏಳಿಸುತ್ತದಲ್ಲ, ಆ ಹಿಸ್ಟಮಿನ್ ಚರ್ಮದ ಮಾಸ್ಟ್ ಕೋಶಗಳಲ್ಲಿ ಪೊಟ್ಟಣ ಪೊಟ್ಟಣವಾಗಿ ದಾಸ್ತಾನಿರುತ್ತದೆ. ಚರ್ಮ ಬೆಂದೊಡನೆ ಅದು ಹೊರಗೆ. ಆಗ ಸಣ್ಣ ರಕ್ತನಾಳಗಳ ಗೋಡೆಯ ಕೋಶಗಳು ಮಂಗ ಕುಣಿದ ಮಾಡಿನ ಹೆಂಚಿನಂತೆ ಸರಿದು, ಸಂದಿನಿಂದ ರಕ್ತದ ನೀರು ಸೋರುತ್ತದೆ. ಬೆರಳು ಸುಟ್ಟರೆ ಒಂದು ಬೊಬ್ಬೆ, ಅಷ್ಟೆ. ಮೈಯ ಮೂರನೇ ಒಂದು ಭಾಗ ಬೆಂದರೆ ಬಿಸಿಯೇ ತಾಗದ ಕಡೆಯೂ ಸೋರಿಕೆ! ಸಾಕಷ್ಟು ರಕ್ತ ಸಿಗದೆ ಮೂತ್ರಪಿಂಡ ಸೊರಗುತ್ತದೆ.

1980ರ ದಶಕದ ಪ್ರಾಣಿಪ್ರಯೋಗಗಳಲ್ಲಿ ಸಿಮೆಟಿಡಿನ್ ಈ ಸೋರಿಕೆಯ ಬಾವನ್ನು ತಗ್ಗಿಸಿತು. ಹೊಟ್ಟೆಹುಣ್ಣಿನ ಆ ಮಾತ್ರೆಯೂ ಹಿಸ್ಟಮಿನ್‌ ವಿರೋಧಿಯೇ. ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು. ಮರುವರ್ಷ ಮಿಶಿಗನ್ ವಿಜ್ಞಾನಿಗಳು ಇಲಿಗಳಲ್ಲಿ ಕಂಡದ್ದು ನನಗೆ ಇನ್ನೂ ಇಷ್ಟ: ಹಿಸ್ಟಮಿನ್ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಕೆರಳಿಸುತ್ತದೆ, ಅದು ಆಮ್ಲಜನಕವನ್ನೇ ನಾಳ ಕೊರೆಯುವ ವಿಷವಾಗಿಸುತ್ತದೆ.

ಹಾಗಿದ್ದರೆ ಬೆಂದವರಿಗೆಲ್ಲ ಹಿಸ್ಟಮಿನ್ ವಿರೋಧಿಯನ್ನೇ ಕೊಡಬಾರದೇ? ಅನೇಕ ಪ್ರಯೋಗಗಳಲ್ಲಿ ಔಷಧಿ ಕೊಟ್ಟದ್ದು ಸುಡುವ ಮೊದಲೇ. ಮನುಷ್ಯರು ಮೊದಲೇ ಹೇಳಿ ಸುಟ್ಟುಕೊಳ್ಳುವುದಿಲ್ಲ. ಸೋರಿಸುವ ರಾಸಾಯನಿಕಗಳೂ ಹಿಸ್ಟಮಿನ್ ಒಂದೇ ಅಲ್ಲ.

‘ಬೆಂದಲ್ಲಿ ನೀರು ಹಾಕಿದರೆ ಬೊಬ್ಬೆ ಏಳುತ್ತದೆ’ ಎನ್ನುವವರಿಗೆ ಏನು ಹೇಳೋಣ? ಬೊಬ್ಬೆಯೊಳಗಿನ ನೀರು ನಿಮ್ಮದೇ ರಕ್ತದ್ದು, ನಲ್ಲಿಯದಲ್ಲ. ಟೂತ್‌ಪೇಸ್ಟ್, ಶಾಯಿ, ಸಗಣಿ ಬಿಡಿ. 20 ನಿಮಿಷ ತಣ್ಣೀರು ಹರಿಸಿ. ಮಂಜುಗಡ್ಡೆ ಬೇಡ.

ದೊಡ್ಡ ಸುಟ್ಟಗಾಯಕ್ಕೆ ಇಂದಿಗೂ ಮೊದಲ ಮದ್ದು ಸಲೈನ್ ಜಾತಿಯ ದ್ರವವೇ. ಪಾರ್ಕ್‌ಲ್ಯಾಂಡ್ ಸೂತ್ರದ ಪ್ರಕಾರ, ಮೈಯ ಶೇಕಡಾ 30 ಬೆಂದ 60 ಕಿಲೋ ತೂಕದವರಿಗೆ ಮೊದಲ ದಿನ 4×60×30 ಮಿಲಿಲೀಟರ್, ಅಂದರೆ 7.2 ಲೀಟರ್. ಅದರಲ್ಲಿ ಅರ್ಧ ಮೊದಲ 8 ಗಂಟೆಗಳಲ್ಲೇ ಹೋಗಬೇಕು. ಆ 8 ಗಂಟೆಯ ಲೆಕ್ಕ ಶುರುವಾಗುವುದು ಬೆಂದ ಕ್ಷಣದಿಂದ. ಜೋಯಿಡಾದ ಕಾಡಿನ ಊರಿನಿಂದ ದಾಂಡೇಲಿ ದಾಟಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ ಮುಟ್ಟುವ ಹೊತ್ತೂ ಅದರೊಳಗೇ ಸೇರಿದೆ.