ಗ್ಯಾರೇಜ್ ಬಾಗಿಲು ಮುಚ್ಚಿದೆಯೆ? ಒಳಗೆ ಯಾರಾದರೂ ಇದ್ದಾರೆಯೆ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಎಷ್ಟೋ ಮನೆಗಳಲ್ಲಿ ಮುಂಬಾಗಿಲು ಅತಿಥಿಗಳಿಗೆ ಮೀಸಲು. ಮನೆಯವರು ಬರುವುದು, ಹೋಗುವುದು, ದಿನಸಿ ಇಳಿಸುವುದು ಎಲ್ಲ ಗ್ಯಾರೇಜಿನಿಂದಲೇ. ಕಾರಿನ ಪಕ್ಕದಲ್ಲಿ ಎರಡನೇ ಫ್ರಿಜ್, ಅಕ್ಕಿ ಮೂಟೆ, ಮಕ್ಕಳ ಸೈಕಲ್ಲು, ಗೋಡೆಯಲ್ಲಿ ಮನೆಯೊಳಕ್ಕೆ ಹೋಗುವ ಇನ್ನೊಂದು ಬಾಗಿಲು. ಆ ಒಳಬಾಗಿಲಿಗೆ ಬೀಗ ಹಾಕುವ ರೂಢಿ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ರಾತ್ರಿ ಗ್ಯಾರೇಜ್ ಬಾಗಿಲು ತೆರೆದೇ ಉಳಿಯಿತೆಂದರೆ ಇಡೀ ಮನೆಯೇ ತೆರೆದಿದ್ದಂತೆ. ಈ ಬಾಗಿಲನ್ನು ಹೋಮ್ ಆಟೊಮೇಷನ್ನಿಗೆ ಸೇರಿಸಬೇಕು ಎಂಬ ಯೋಚನೆ ಬರುವುದು ಬಹುಮಟ್ಟಿಗೆ ಈ ಚಿಂತೆಯಿಂದಲೇ.

ಸೇರಿಸುವುದು ಕಷ್ಟವಲ್ಲ. ಆದರೆ ಬಹಳ ಮಂದಿ ಮೊದಲು ಫೋನಿನಿಂದ ಬಾಗಿಲು ತೆರೆಯುವ ಏರ್ಪಾಡು ಮಾಡಿಕೊಂಡು, ಸೆನ್ಸರುಗಳನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ತದ್ವಿರುದ್ಧ. ಬಾಗಿಲು ಈಗ ಯಾವ ಸ್ಥಿತಿಯಲ್ಲಿದೆ, ಒಳಗೆ ಯಾರಾದರೂ ಇದ್ದಾರೆಯೆ ಎಂಬ ಎರಡು ಪ್ರಶ್ನೆಗಳಿಗೆ ವ್ಯವಸ್ಥೆ ಸರಿಯಾಗಿ ಉತ್ತರ ಕೊಡುವಂತಾಗಬೇಕು. ಮೋಟಾರನ್ನು ಅದರ ಕೈಗೆ ಕೊಡುವುದು ಆಮೇಲಿನ ಮಾತು. ಇದಕ್ಕೆ ಕಾರಣ ಬಾಗಿಲಿನ ರಚನೆಯಲ್ಲೇ ಇದೆ.

ಎರಡು ಕಾರು ನಿಲ್ಲುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ಅದರ ಭಾರವನ್ನು ಹೊರುವುದು ಮೋಟಾರಲ್ಲ, ಬಾಗಿಲಿನ ಮೇಲ್ಗಡೆ ಬಿಗಿದಿರುವ ಸ್ಪ್ರಿಂಗು. ಅದರ ಬಿಗಿತ ಕೈ ಮುರಿಯುವಷ್ಟಿರುತ್ತದೆ, ಅದರ ಗೊಡವೆಗೆ ಹೋಗಲೇಬೇಡಿ. ಬಾಗಿಲನ್ನು ಏರಿಸಿ ಇಳಿಸುವ ಈ ಮೋಟಾರಿನ ಯಂತ್ರಕ್ಕೆ ಓಪನರು ಎನ್ನುತ್ತಾರೆ. ಹಳೆಯ ಓಪನರುಗಳಲ್ಲಿ ಗೋಡೆಯ ಗುಂಡಿ ಕೆಲಸ ಮಾಡುವುದು ಕಾಲಿಂಗ್ ಬೆಲ್ಲಿನ ಗುಂಡಿಯ ಹಾಗೆಯೇ. ಎರಡು ಸಣ್ಣ ವೈರುಗಳು ಒಂದು ಕ್ಷಣ ಕೂಡಿದರೆ ಮೋಟಾರಿಗೆ ಒಂದು ಸೂಚನೆ ಹೋಗುತ್ತದೆ. ಆ ಸೂಚನೆಗೆ ದಿಕ್ಕಿಲ್ಲ. ಬಾಗಿಲು ಮುಚ್ಚಿದ್ದರೆ ತೆರೆಯುತ್ತದೆ, ತೆರೆಯುತ್ತಿದ್ದರೆ ಅಲ್ಲೇ ನಿಲ್ಲುತ್ತದೆ, ಮತ್ತೊಮ್ಮೆ ಒತ್ತಿದರೆ ಕೆಳಗಿಳಿಯುತ್ತದೆ. ‘ರಾತ್ರಿ 10ಕ್ಕೆ ಬಾಗಿಲು ಮುಚ್ಚು’ ಎಂಬ ನಿಯಮವನ್ನು ಬಾಗಿಲಿನ ಸ್ಥಿತಿ ಗೊತ್ತಿಲ್ಲದ ವ್ಯವಸ್ಥೆಗೆ ಬರೆದುಕೊಟ್ಟರೆ, ಸಂಜೆಯೇ ನೀವು ಮುಚ್ಚಿಟ್ಟ ಬಾಗಿಲನ್ನು ಅದು ರಾತ್ರಿ 10ಕ್ಕೆ ಸರಿಯಾಗಿ ತೆರೆಯುತ್ತದೆ. ನೀವು ಆಗ ಮಹಡಿಯ ಮೇಲೆ ಮಲಗಿರುತ್ತೀರಿ.

ಸ್ಥಿತಿ ತಿಳಿಯಲು ಬೇಕಾದದ್ದು ರೀಡ್ ಸ್ವಿಚ್ಚು. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತೆಳು ಲೋಹದ ಪಟ್ಟಿಗಳಿರುತ್ತವೆ. ಅಯಸ್ಕಾಂತ ಹತ್ತಿರ ಬಂದರೆ ಅವು ಕೂಡಿಕೊಳ್ಳುತ್ತವೆ, ದೂರ ಹೋದರೆ ಬಿಟ್ಟುಕೊಳ್ಳುತ್ತವೆ. ಅಯಸ್ಕಾಂತವನ್ನು ಬಾಗಿಲಿಗೆ, ಸ್ವಿಚ್ಚನ್ನು ಬಾಗಿಲು ಓಡುವ ಹಳಿಯ ಪಕ್ಕದ ಚೌಕಟ್ಟಿಗೆ ಕೂರಿಸುವುದು ವಾಡಿಕೆ. ಒಂದೇ ಸ್ವಿಚ್ಚಿನಲ್ಲಿ ಮುಗಿಸುವವರೇ ಹೆಚ್ಚು. ಎರಡು ಹಾಕಿ ಎಂದು ನಾನು ಒತ್ತಾಯಿಸುತ್ತೇನೆ: ಕೆಳಗೊಂದು, ಬಾಗಿಲು ಪೂರ್ತಿ ಮುಚ್ಚಿದಾಗ ಕೂಡುವಂತೆ. ಮೇಲೊಂದು, ಪೂರ್ತಿ ತೆರೆದಾಗ ಕೂಡುವಂತೆ. ಎರಡೂ ಬಿಟ್ಟುಕೊಂಡಿದ್ದರೆ ಬಾಗಿಲು ನಡುವೆ ಎಲ್ಲೋ ಇದೆ ಎಂದರ್ಥ. ಬಾಗಿಲು ಒಂದು ಸಲ ಏರಲು ಸುಮಾರು 12ರಿಂದ 15 ಸೆಕೆಂಡು ಬೇಕು. ಅರ್ಧ ನಿಮಿಷ ಕಳೆದರೂ ಎರಡೂ ಬಿಟ್ಟೇ ಇದ್ದರೆ ಅದು ಎಲ್ಲೋ ಸಿಕ್ಕಿಕೊಂಡಿದೆ.

ಎರಡನೆಯ ಸ್ವಿಚ್ಚು ಯಾಕೆ ಬೇಕೆಂದು ಕೇಳಬಹುದು. ಕೆಳಗಿನ ಸ್ವಿಚ್ಚಿನ ವೈರನ್ನು ಇಲಿ ಕಡಿದಿದೆ ಎನ್ನಿ. ಬಾಗಿಲು ಮುಚ್ಚಿದ್ದರೂ ವ್ಯವಸ್ಥೆಗೆ ಕಾಣುವುದು ‘ಮುಚ್ಚಿಲ್ಲ’ ಎಂದೇ. ಅದನ್ನು ನಂಬಿ ಮೋಟಾರಿಗೆ ಸೂಚನೆ ಕೊಟ್ಟರೆ ಮುಚ್ಚಿದ ಬಾಗಿಲು ತೆರೆದುಕೊಳ್ಳುತ್ತದೆ. ಆದ್ದರಿಂದ ನಿಯಮ ಹೀಗಿರಲಿ: ಮೇಲಿನ ಸ್ವಿಚ್ಚು ‘ಪೂರ್ತಿ ತೆರೆದಿದೆ’ ಎಂದು ಖಚಿತವಾಗಿ ಹೇಳಿದಾಗ ಮಾತ್ರ ತಾನಾಗಿ ಮುಚ್ಚುವ ಅಧಿಕಾರ. ಉಳಿದ ಯಾವ ಸ್ಥಿತಿಯಲ್ಲೂ ಫೋನಿಗೆ ಒಂದು ಸಂದೇಶ, ಅಷ್ಟೆ. ವೈಫೈ ಹೋಗಿ ಸೆನ್ಸರು ‘ಲಭ್ಯವಿಲ್ಲ’ ಎಂದು ತೋರಿಸುವಾಗಲೂ ಇದೇ ನಿಯಮ.

ಈಗ ಮೋಟಾರಿನ ಕಡೆ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರುಮಾಡಿದ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಒಪ್ಪುತ್ತದೆ. ಅದನ್ನು ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ನಡೆಸಬಹುದು. ಗ್ಯಾರೇಜಿನಲ್ಲಿ ಒಂದು ಇಎಸ್‌ಪಿ32 ಎಂಬ ವೈಫೈ ಬೋರ್ಡು, ಅದರಲ್ಲಿ ಇಎಸ್‌ಪಿಹೋಮ್ ಎಂಬ ತಂತ್ರಾಂಶ, ಅದಕ್ಕೊಂದು ರಿಲೇ, ಅಂದರೆ ಬೋರ್ಡು ಹೇಳಿದಂತೆ ಕೂಡಿ ಬಿಡುವ ಸ್ವಿಚ್ಚು. ರಿಲೇಯ ಎರಡು ತುದಿಗಳನ್ನು ಗೋಡೆಯ ಗುಂಡಿಯ ಎರಡು ವೈರುಗಳಿಗೆ ಸಮಾನಾಂತರವಾಗಿ ಸೇರಿಸಿ, ರಿಲೇ ಅರ್ಧ ಸೆಕೆಂಡು ಕೂಡಿ ಬಿಡುವಂತೆ ಬರೆದರೆ ಅದು ಗುಂಡಿ ಒತ್ತಿದಂತೆಯೇ. ಗೋಡೆಯ ಗುಂಡಿ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ. ರಿಲೇಯ ಕಡೆಯಿಂದ ಆ ವೈರುಗಳಿಗೆ ಕರೆಂಟು ಕೊಡಬಾರದು, ಬರಿಯ ಸಂಪರ್ಕ ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ಬೋರ್ಡಿಗೆ ಕರೆಂಟು ಬಂದ ತಕ್ಷಣ, ತಂತ್ರಾಂಶ ಎಚ್ಚರವಾಗುವ ಮುನ್ನ, ಕೆಲವು ಪಿನ್ನುಗಳ ವೋಲ್ಟೇಜು ತಾನಾಗಿ ಏರಿಳಿಯುತ್ತದೆ. ಇಎಸ್‌ಪಿ32ರಲ್ಲಿ 0, 2, 5, 12, 15ನೇ ಪಿನ್ನುಗಳಿಗೆ ಬೋರ್ಡು ಶುರುವಾಗುವಾಗ ಬೇರೆ ಕೆಲಸವಿರುತ್ತದೆ. ಅಂಥ ಪಿನ್ನಿಗೆ ರಿಲೇ ಸೇರಿಸಿದರೆ, ನಡುರಾತ್ರಿ ಕರೆಂಟು ಹೋಗಿ ಬಂದಾಗ ಗ್ಯಾರೇಜ್ ಬಾಗಿಲು ತೆರೆದುಕೊಳ್ಳುವ ಸಂಭವವಿದೆ. ಅವನ್ನು ಬಿಟ್ಟು ಬೇರೆ ಪಿನ್ ಆರಿಸಿ, ಶುರುವಾಗುವಾಗ ರಿಲೇ ಯಾವಾಗಲೂ ಬಿಟ್ಟುಕೊಂಡೇ ಇರಬೇಕೆಂದು ಇಎಸ್‌ಪಿಹೋಮ್‌ನಲ್ಲಿ ಬರೆಯಿರಿ. ಬಾಗಿಲಿಗೆ ಜೋಡಿಸುವ ಮೊದಲು ಮೇಜಿನ ಮೇಲಿಟ್ಟು ಪ್ಲಗ್ಗನ್ನು ಹಲವು ಸಲ ಕಿತ್ತು ಹಾಕಿ, ರಿಲೇ ‘ಟಿಕ್’ ಎನ್ನುತ್ತದೆಯೇ ಕಿವಿಗೊಟ್ಟು ಕೇಳಿ. ಸದ್ದು ಬಂತೆಂದರೆ ಪಿನ್ ಬದಲಿಸಿ.

ಓಪನರು ಹೊಸದಾದರೆ ಈ ದಾರಿ ನಡೆಯದೆ ಹೋಗಬಹುದು. ಚೇಂಬರ್ಲೇನ್, ಲಿಫ್ಟ್‌ಮಾಸ್ಟರ್ ಹೆಸರಿನಲ್ಲಿ 2011ರಿಂದ ಬಂದ ಸೆಕ್ಯುರಿಟಿ ಪ್ಲಸ್ 2.0 ಓಪನರುಗಳ ಗೋಡೆಗುಂಡಿ ಬರಿ ವೈರು ಕೂಡಿಸುವುದಿಲ್ಲ, ಮೋಟಾರಿನೊಂದಿಗೆ ಸಂಕೇತ ಭಾಷೆಯಲ್ಲಿ ಮಾತಾಡುತ್ತದೆ. ಮೋಟಾರಿನ ಮೇಲಿರುವ ‘ಲರ್ನ್’ ಗುಂಡಿ ಹಳದಿ ಬಣ್ಣದ್ದಾದರೆ ನಿಮ್ಮದು ಆ ಜಾತಿ. ಅದಕ್ಕೆ ಆ ಭಾಷೆ ಬಲ್ಲ ರ‍್ಯಾಟ್‌ಗ್ಡೊ ಎಂಬ ಪುಟ್ಟ ಬೋರ್ಡು ಸಿಗುತ್ತದೆ. ಬಾಗಿಲಿನ ಸ್ಥಿತಿ, ದೀಪ, ಅಡ್ಡ ಬಂದ ವಸ್ತು ಇವೆಲ್ಲ ಮೋಟಾರಿಗೇ ಗೊತ್ತಿರುವುದರಿಂದ ಈ ಬೋರ್ಡು ನೇರವಾಗಿ ಅದನ್ನೇ ಕೇಳಿ ತಿಳಿಯುತ್ತದೆ, ರೀಡ್ ಸ್ವಿಚ್ಚಿನ ತೊಂದರೆಯೂ ತಪ್ಪುತ್ತದೆ. ಚೇಂಬರ್ಲೇನ್ ಕಂಪನಿಯ ಸ್ವಂತ ಮೈಕ್ಯು ಆ್ಯಪ್ ಮೂಲಕವೇ ಸೇರಿಸಬಹುದಲ್ಲ ಎನ್ನುವವರಿಗೆ: 2023ರಲ್ಲಿ ಕಂಪನಿ ಅನಧಿಕೃತ ಆ್ಯಪ್‌ಗಳಿಗೆ ಬಾಗಿಲು ಹಾಕಿತು, ಅದೇ ವರ್ಷ ಡಿಸೆಂಬರಿನಲ್ಲಿ ಹೋಮ್ ಅಸಿಸ್ಟೆಂಟ್ ಆ ಜೋಡಣೆಯನ್ನು ತೆಗೆದುಹಾಕಿತು. ನಮ್ಮ ಮನೆಯ ಬಾಗಿಲಿನ ಸ್ಥಿತಿ ತಿಳಿಯಲು ಬೇರೆಯವರ ಸರ್ವರಿನ ಅನುಮತಿ ಬೇಕಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಒಳಗೆ ಯಾರಿದ್ದಾರೆ ಎಂಬ ಪ್ರಶ್ನೆ. ಮೆಟ್ಟಿಲಿನ ದೀಪಕ್ಕೆ ಹಾಕುವ ಪಿಐಆರ್ ಸೆನ್ಸರು ಮೈಯ ಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು ಗುರುತಿಸುತ್ತದೆ. ಊರಿಂದ ಬಂದ ಅಮ್ಮ ಫ್ರೀಜರ್ ಮುಂದೆ ನಿಂತು ತೆಂಗಿನತುರಿಯ ಪೊಟ್ಟಣ ಎಲ್ಲಿದೆ ಎಂದು ಕಣ್ಣಾಡಿಸುತ್ತಿದ್ದರೆ ಅವರ ಮೈ ಸರಿಯುತ್ತಿಲ್ಲ, ಹಾಗಾಗಿ ದೀಪ ಆರಿಹೋಗುತ್ತದೆ. ಟೆಕ್ಸಸ್, ಅರಿಜೋನಾದ ಬೇಸಿಗೆಯಲ್ಲಿ ಗ್ಯಾರೇಜೇ ಮೈಯಷ್ಟು ಬಿಸಿಯಾಗಿರುವಾಗ ಮನುಷ್ಯನಿಗೂ ಗೋಡೆಗೂ ಅಂತರವೇ ಉಳಿಯದೆ ಪಿಐಆರ್ ಇನ್ನಷ್ಟು ಮಂಕಾಗುತ್ತದೆ.

ಈ ಕೊರತೆ ತುಂಬುವುದು ಎಂಎಂವೇವ್ ಪ್ರೆಸೆನ್ಸ್ ಸೆನ್ಸರು. ಅದು ಒಂದು ಪುಟಾಣಿ ರೇಡಾರು. ಹೈಲಿಂಕ್ ಕಂಪನಿಯ ಎಲ್‌ಡಿ2410 ಹವ್ಯಾಸಿಗಳ ನಡುವೆ ತುಂಬ ಬಳಕೆಯಲ್ಲಿದೆ. 24 ಗಿಗಾಹರ್ಟ್ಸ್ ಅಲೆಯನ್ನು ಕಳಿಸಿ, ಮರಳಿ ಬಂದದ್ದನ್ನು ಅಳೆಯುತ್ತದೆ. ಆ ಅಲೆಯ ಉದ್ದ ಸುಮಾರು 12.5 ಮಿಲಿಮೀಟರ್. ಉಸಿರಾಡುವಾಗ ಎದೆ ಕೆಲವು ಮಿಲಿಮೀಟರ್ ಏರಿಳಿದರೂ ಮರಳುವ ಅಲೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಫ್ರೀಜರ್ ಮುಂದೆ ಅಲ್ಲಾಡದೆ ನಿಂತವರು ಇದಕ್ಕೆ ಸಿಕ್ಕುತ್ತಾರೆ.

ಇದರ ಕಷ್ಟ ಇನ್ನೊಂದು ಬಗೆಯದು. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆಯದು, ರೇಡಾರಿನ ಅಲೆ ಅದನ್ನು ದಾಟಿ ಹೋಗುತ್ತದೆ. ಸೆನ್ಸರು ಮನೆಯ ಕಡೆ ಮುಖ ಮಾಡಿದ್ದರೆ ಗೋಡೆಯಾಚೆ ಅಡುಗೆಮನೆಯಲ್ಲಿ ಓಡಾಡುವವರನ್ನೂ ಗ್ಯಾರೇಜಿನಲ್ಲಿದ್ದಾರೆ ಎಂದೇ ಲೆಕ್ಕ ಹಿಡಿಯುತ್ತದೆ. ಲೋಹದ ಬಾಗಿಲು, ಕಾರಿನ ಮೈ ಅಲೆಯನ್ನು ಅತ್ತಿತ್ತ ಪುಟಿಸುತ್ತವೆ. ತಿರುಗುವ ಫ್ಯಾನು ಅದರ ಕಣ್ಣಿಗೆ ಜೀವವಿರುವ ವಸ್ತು. ಹಾಗಾಗಿ ಮನೆಗೆ ಅಂಟಿದ ಗೋಡೆಗೆ ಬೆನ್ನು ಮಾಡಿ, ಒಂದೂವರೆ ಮೀಟರಿನಿಂದ ಎರಡು ಮೀಟರ್ ಎತ್ತರದಲ್ಲಿ, ಕಾರಿನ ಪಕ್ಕದ ಓಡಾಟದ ಜಾಗ ಕಾಣುವಂತೆ ಕೂರಿಸುವುದು ಒಳ್ಳೆಯದು.

ಆಮೇಲೆ ಹದ ಮಾಡುವ ಕೆಲಸ. ಎಲ್‌ಡಿ2410 ತನ್ನ ಮುಂದಿನ ಜಾಗವನ್ನು 75 ಸೆಂಟಿಮೀಟರಿನ ಪಟ್ಟಿಗಳಾಗಿ ಭಾಗಿಸಿ, ಪ್ರತಿ ಪಟ್ಟಿಯಲ್ಲೂ ಚಲನೆ ಎಷ್ಟು, ನಿಶ್ಚಲ ಇರವು ಎಷ್ಟು ಎಂದು ಬೇರೆ ಬೇರೆ ಅಂಕಿ ಕೊಡುತ್ತದೆ. ಗ್ಯಾರೇಜು ಖಾಲಿ ಇರುವಾಗ ಆ ಅಂಕಿಗಳನ್ನು ಹೋಮ್ ಅಸಿಸ್ಟೆಂಟಿನಲ್ಲಿ ನೋಡಿ ಬರೆದುಕೊಳ್ಳಿ. ಕಾರು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಪ್ರತಿ ಪಟ್ಟಿಯ ಮಿತಿಯನ್ನು ಆ ಖಾಲಿ ಅಂಕಿಗಿಂತ ಸ್ವಲ್ಪ ಮೇಲಿಡಿ. ನಾಲ್ಕೂವರೆ ಮೀಟರಿನಾಚೆ ಬರಿ ಗೋಡೆ ಇದ್ದರೆ ಆಚೆಯ ಪಟ್ಟಿಗಳನ್ನು ಆರಿಸಿಬಿಡಿ. ಬಹುಪಾಲು ಸುಳ್ಳು ಸೂಚನೆಗಳು ಇಷ್ಟರಲ್ಲೇ ನಿಲ್ಲುತ್ತವೆ. ದೀಪ ಹೊತ್ತಿಸಲು ಪಿಐಆರ್, ಹೊತ್ತಿದ ದೀಪವನ್ನು ಉಳಿಸಲು ರೇಡಾರು: ಎರಡನ್ನೂ ಜೋಡಿಯಾಗಿ ದುಡಿಸುವುದು ಒಂದನ್ನೇ ನಂಬುವುದಕ್ಕಿಂತ ಲೇಸು.

ಆದರೆ ರೇಡಾರಿಗೆ ಕಾಣದ ಜಾಗವೊಂದಿದೆ, ಕಾರಿನ ಒಳಗು. ತಗಡಿನ ಮೈ ಅಲೆಯನ್ನು ತಡೆಯುತ್ತದೆ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗು, ಫೋನಿನಲ್ಲಿ ಮಾತು ಮುಗಿಸಲು ಕಾರಿನಲ್ಲೇ ಕುಳಿತವರು ಅದರ ಲೆಕ್ಕಕ್ಕೆ ಬಾರದೆ ಹೋಗಬಹುದು. ‘ಯಾರೋ ಇದ್ದಾರೆ’ ಎಂಬ ಅದರ ಮಾತಿಗೆ ಬೆಲೆ ಕೊಡಿ, ‘ಯಾರೂ ಇಲ್ಲ’ ಎಂಬ ಮಾತನ್ನು ಪ್ರಮಾಣ ಎಂದು ಹಿಡಿಯಬೇಡಿ. ಎಂಜಿನ್ ಚಾಲೂ ಇದ್ದು ಬಾಗಿಲು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಅಪಾಯ. ಮನೆಯೊಳಗೆ ಅದರ ಅಲಾರ್ಮ್ ಬೇರೆಯಾಗಿಯೇ ಇರಬೇಕು.

ಬಾಗಿಲಿನಡಿ ಸಿಕ್ಕುವ ಅಪಾಯಕ್ಕೆ ಕಾವಲು ಇರುವುದು ನೆಲದ ಹತ್ತಿರ ಎರಡೂ ಬದಿಗೆ ಎದುರುಬದುರಾಗಿ ಕೂರಿಸಿದ ಫೋಟೊ ಐ. ಅದರ ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಮುಚ್ಚುತ್ತಿರುವ ಬಾಗಿಲು ಮೇಲಕ್ಕೆ ಮರಳುತ್ತದೆ. ಅಮೆರಿಕದ ಮಾರುಕಟ್ಟೆಗೆ 1993ರ ಜನವರಿ 1ರಿಂದ ತಯಾರಾದ ಮನೆಬಳಕೆಯ ಓಪನರುಗಳಿಗೆ ಇಂಥದೊಂದು ರಕ್ಷಣೆ ಕಾನೂನಿನ ಪ್ರಕಾರ ಕಡ್ಡಾಯ. ನೆಲದಿಂದ 6 ಇಂಚಿಗಿಂತ ಮೇಲಿರಬಾರದು, ತೆವಳುವ ಮಗುವೂ ಕಾಣಬೇಕು. ಅದರ ವೈರನ್ನು ಕತ್ತರಿಸಿ ಕೂಡಿಸಿ ‘ಸರಿ’ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ. ಹೋಮ್ ಅಸಿಸ್ಟೆಂಟ್ ಏನೇ ಹೇಳಲಿ, ಕೊನೆಯ ಮಾತು ಫೋಟೊ ಐಯದೇ ಆಗಿರಬೇಕು.

ಇಷ್ಟಾದ ಮೇಲೆ ನಿಯಮ ಬರೆಯುವುದು ಸುಲಭ. ರಾತ್ರಿ 10 ದಾಟಿದೆ, ಮೇಲಿನ ಸ್ವಿಚ್ಚು ಕೂಡಿದೆ, ಪ್ರೆಸೆನ್ಸ್ ಸೆನ್ಸರು 10 ನಿಮಿಷದಿಂದ ಯಾರನ್ನೂ ಕಂಡಿಲ್ಲ. ಆಗ ಗ್ಯಾರೇಜಿನ ದೀಪ ಮಿನುಗಿ ಬಜರ್ ಕೂಗಬೇಕು. ಎದುರಿಗೆ ಯಾರೂ ಇಲ್ಲದೆ ಬಾಗಿಲು ಮುಚ್ಚಿಸುವಾಗ ಕನಿಷ್ಠ 5 ಸೆಕೆಂಡು ಮೊದಲೇ ಸದ್ದು, ಬೆಳಕಿನ ಎಚ್ಚರಿಕೆ ಕೊಡಬೇಕೆಂದು ಅಲ್ಲಿನ ಯುಎಲ್ 325 ಸುರಕ್ಷತಾ ಮಾನದಂಡ ಹೇಳುತ್ತದೆ. ಅದಾದ ಮೇಲೆ ರಿಲೇ. 30 ಸೆಕೆಂಡಿನ ನಂತರ ಕೆಳಗಿನ ಸ್ವಿಚ್ಚು ಕೂಡಿದೆಯೇ ನೋಡಬೇಕು. ಕೂಡಿಲ್ಲವಾದರೆ ಮತ್ತೆ ಪ್ರಯತ್ನಿಸದೆ ಫೋನಿಗೆ ತಿಳಿಸಬೇಕು, ಯಾಕೆಂದರೆ ಎರಡನೆಯ ಸೂಚನೆ ಬಾಗಿಲನ್ನು ಯಾವ ಕಡೆ ಒಯ್ಯುತ್ತದೋ ಹೇಳಲಾಗದು.

ಫೋನು ಮನೆ ಹತ್ತಿರ ಬಂದ ಕೂಡಲೇ ಬಾಗಿಲು ತಾನೇ ತೆರೆಯುವ ಏರ್ಪಾಡನ್ನು ನಾನು ಬೇಡ ಎನ್ನುತ್ತೇನೆ. ಫೋನು ಹೇಳುವ ಜಾಗ ಕೆಲವೊಮ್ಮೆ ನೂರಾರು ಮೀಟರ್ ಅತ್ತಿತ್ತ ಜಾರುತ್ತದೆ. ನೀವು ಮನೆಯಲ್ಲೇ ಮಲಗಿರುವಾಗ ‘ಹೊರಗೆ ಹೋಗಿ ಬಂದರು’ ಎಂದು ಅದಕ್ಕೆ ಅನಿಸಬಹುದು. ಮನೆ ಹತ್ತಿರವಾದಾಗ ಫೋನಿನಲ್ಲಿ ಒಂದು ಗುಂಡಿ ತೋರಿಸಿದರೆ ಸಾಕು, ಒತ್ತುವ ತೀರ್ಮಾನ ನಿಮ್ಮದಾಗಿರಲಿ.

ಬೆಂಗಳೂರು, ಮೈಸೂರಿನ ಮನೆಗಳ ಕಾಂಪೌಂಡಿನ ಸ್ಲೈಡಿಂಗ್ ಗೇಟಿಗೆ ಮೋಟಾರು ಹಾಕಿಸಿದವರಿಗೂ ಈ ಕ್ರಮ ಒಪ್ಪುತ್ತದೆ. ಅದರ ಕಂಟ್ರೋಲ್ ಬೋರ್ಡಿನಲ್ಲಿ ಪುಶ್ ಬಟನ್ನಿಗೆಂದು ಟರ್ಮಿನಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ರಿಲೇ ಅಲ್ಲಿಗೆ. ಆದರೆ ರೇಡಾರನ್ನು ಬಯಲಿಗೆ ಹಾಕಬೇಡಿ. ಮಳೆ, ಅಲ್ಲಾಡುವ ಗಿಡ, ಬೀದಿನಾಯಿ ಎಲ್ಲವೂ ಅದಕ್ಕೆ ಮನುಷ್ಯರೇ. ಗೇಟಿನ ಎರಡೂ ಕಂಬಕ್ಕೆ ಫೋಟೊ ಐ ಹಾಕಿಸಿ, ಕರೆಂಟು ಹೋದಾಗಲೂ ನಡೆಯುವಂತೆ ವೈಫೈ ರೂಟರನ್ನು ಯುಪಿಎಸ್‌ಗೆ ಸೇರಿಸಿ.

ಎಲ್ಲ ಜೋಡಿಸಿದ ಮೇಲೆ ತಿಂಗಳಿಗೊಮ್ಮೆ ಒಂದು ಪರೀಕ್ಷೆ ಮಾಡಿ. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲಿನಡಿ ನೆಲದ ಮೇಲೆ ಮಲಗಿಸಿ ಬಾಗಿಲು ಮುಚ್ಚಿಸಿ. ತಾಗಿದ ಕೂಡಲೇ ಅದು ಮೇಲಕ್ಕೆ ಮರಳಬೇಕು. ಮರಳದಿದ್ದರೆ ರಿಲೇಯ ವೈರು ಬಿಚ್ಚಿಟ್ಟು, ಓಪನರು ರಿಪೇರಿಯವರನ್ನು ಕರೆಸಿ.