ಆಲಮಟ್ಟಿಯ ನೀರು, ಸಂಡೂರಿನ ಗುಡ್ಡ, ತೋರಣಗಲ್ಲಿನ ಉಕ್ಕು

ಕೃಷ್ಣೆಗೆ ಕಟ್ಟಿದ ಆಲಮಟ್ಟಿ, ನಾರಾಯಣಪುರ ಅಣೆಕಟ್ಟೆಗಳ ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಲೆಕ್ಕ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಹಿರಿಯರಿಗೆ ಇಂದಿಗೂ ಬಾಯಿಪಾಠ. ಕೊಲ್ಹಾರವಂತೂ ಊರಿಗೆ ಊರೇ ಎದ್ದು ಹೊಸ ಜಾಗಕ್ಕೆ ಹೋಯಿತು. ಅಲ್ಲಿನ ಗಡಿಗೆ ಮೊಸರಿನ ಹೆಸರು ಮಾತ್ರ ಹಳೆಯದೇ ಉಳಿಯಿತು. ಇಂಡಿ, ಸಿಂದಗಿಯ ರೈತರು ಅದೇ ಕೃಷ್ಣೆಯ ನೀರಿಗಾಗಿ ಏತ ನೀರಾವರಿ ಕಾಲುವೆಯ ದಾರಿ ಕಾಯುತ್ತ ವರ್ಷಗಳನ್ನು ಕಳೆದರು. ಆಲಮಟ್ಟಿ ಅಣೆಕಟ್ಟೆಯ ನೀರು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಜನ ಕಾಲುವೆಗಳ ಹೆಸರು ಹೇಳುತ್ತಾರೆ, ಕೂಡಗಿಯ ವಿದ್ಯುತ್ ಸ್ಥಾವರದ ಹೆಸರು ಹೇಳುತ್ತಾರೆ. ತೋರಣಗಲ್ಲಿನ ಹೆಸರು ಬರುವುದು ಅಪರೂಪ.

ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ತೋರಣಗಲ್ಲು ಆಲಮಟ್ಟಿಯಿಂದ ನೂರೈವತ್ತು ಕಿಲೋಮೀಟರಿಗೂ ದೂರ. ಅಲ್ಲಿನ ಉಕ್ಕಿನ ಕಾರ್ಖಾನೆ ತುಂಗಭದ್ರೆಯ ನೀರು ಸಾಲದೆ ಆಲಮಟ್ಟಿಯಿಂದಲೂ ಪೈಪಿನಲ್ಲಿ ನೀರು ತರಿಸಿಕೊಳ್ಳುತ್ತದೆ. ಕಾದ ಕುಲುಮೆಯನ್ನು ತಣಿಸಲು, ಅದಿರು ತೊಳೆಯಲು, ಹಬೆ ಎಬ್ಬಿಸಲು, ಸುತ್ತ ನೆಲೆಸಿದ ಸಾವಿರಾರು ಕುಟುಂಬಗಳ ಬಾಯಾರಿಕೆಗೆ, ಎಲ್ಲಕ್ಕೂ ನೀರು ಬೇಕು. ಉಕ್ಕು ಎಂದರೆ ಬೆಂಕಿ ಎಂದು ಭಾವಿಸುವವರು ನೀರನ್ನು ಮರೆಯುತ್ತಾರೆ.

ಈ ಕಾರ್ಖಾನೆ ಅಲ್ಲೇ ಏಕೆ ಎದ್ದಿತು ಎಂಬುದಕ್ಕೆ ಉತ್ತರ ಅದರ ಬೆನ್ನಿಗಿರುವ ಬೆಟ್ಟಗಳಲ್ಲಿದೆ. ಸಂಡೂರು ಬೆಟ್ಟಸಾಲು ಭೂಮಿಯ ಅತಿ ಹಳೆಯ ಶಿಲೆಗಳಲ್ಲಿ ಒಂದು; ಸುಮಾರು 270 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಕಬ್ಬಿಣ ಕೂತ ಜಾಗ. ನಾಲ್ಕೂ ಕಡೆ ಗುಡ್ಡ, ನಡುವೆ ಕಣಿವೆ, ಕಣಿವೆಯ ಒಳಗೆ ಊರು. ನಾರಿಹಳ್ಳವು ಗುಡ್ಡವನ್ನು ಸೀಳಿ ಹರಿಯುವ ಓಬಳಗಂಡಿ, ಭೀಮಗಂಡಿಗಳೇ ಹಳೆಯ ಕಾಲದ ಬಾಗಿಲುಗಳು. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ ಈ ಕೋಟೆಯಂಥ ಕಣಿವೆಯಲ್ಲಿ 1949ರವರೆಗೂ ಬದುಕಿತು. ಬೆಟ್ಟದ ಮೇಲೆ ಕುಮಾರಸ್ವಾಮಿ ದೇಗುಲವಿದೆ. ಇನ್ನೊಂದು ತುದಿಯ ರಾಮನದುರ್ಗದಲ್ಲಿ ಬ್ರಿಟಿಷರು ಬಿಸಿಲಿಗೆ ಹೆದರಿ ಕಟ್ಟಿಕೊಂಡ ಆರೋಗ್ಯಧಾಮವಿತ್ತು. ಬಳ್ಳಾರಿಯ ಬಿಸಿಲು ಕಂಡವರಿಗೆ ಅವರ ಮೇಲೆ ಕನಿಕರ ಮೂಡದೆ ಇರದು.

ಗಣಿಗಾರಿಕೆ ಅಲ್ಲಿ ಹೊಸತಲ್ಲ. ಸಂಸ್ಥಾನದ ಕಾಲದಲ್ಲೇ ಬೆಲ್ಜಿಯಂ ಮೂಲದ ಕಂಪನಿಯೊಂದು ಮ್ಯಾಂಗನೀಸ್ ತೆಗೆಯುತ್ತಿತ್ತು. 1954ರಲ್ಲಿ ಘೋರ್ಪಡೆ ಕುಟುಂಬದ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕೇಂದ್ರ ಸರ್ಕಾರದ ಎನ್‌ಎಂಡಿಸಿ 1977ರಲ್ಲಿ ದೋಣಿಮಲೈ ಗಣಿ ಆರಂಭಿಸಿ, ಗುಡ್ಡದ ಬುಡದಲ್ಲಿ ಶಾಲೆ, ಆಸ್ಪತ್ರೆ ಇರುವ ವಸತಿ ಬಡಾವಣೆ ಕಟ್ಟಿತು. ಆದರೂ ಅದಿರು ಹೊರಗೆ ಹೋಗುತ್ತಿತ್ತೇ ಹೊರತು ಉಕ್ಕಾಗಿ ಇಲ್ಲಿ ಉಳಿಯುತ್ತಿರಲಿಲ್ಲ.

ಉಕ್ಕಿನ ಕನಸಿಗೆ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ಅಡಿಗಲ್ಲು ಹಾಕಿದರು. ಸರ್ಕಾರಿ ವಿಜಯನಗರ ಉಕ್ಕು ಕಾರ್ಖಾನೆ ಆ ಕಲ್ಲಿಗಿಂತ ಮೇಲೆ ಏಳಲೇ ಇಲ್ಲ. ಎರಡು ದಶಕ ಕಾದ ಜಾಗಕ್ಕೆ 1994ರಲ್ಲಿ ಜಿಂದಾಲ್ ಗುಂಪು ಬಂತು. ಅದು ಆರಿಸಿಕೊಂಡ ದಾರಿ ಕೊರೆಕ್ಸ್. ಸಾಮಾನ್ಯ ಊದುಕುಲುಮೆಗೆ ಕೋಕ್ ಬೇಕು, ಕೋಕ್ ಮಾಡಲು ಒಳ್ಳೆಯ ಜಾತಿಯ ಕಲ್ಲಿದ್ದಲು ಬೇಕು, ಅದು ಕರ್ನಾಟಕದಲ್ಲಿಲ್ಲ. ಕೊರೆಕ್ಸ್ ವಿಧಾನದಲ್ಲಿ ಬಹುಪಾಲು ಸಾಧಾರಣ ಕಲ್ಲಿದ್ದಲಿನಲ್ಲೇ ಕಬ್ಬಿಣ ಕರಗುತ್ತದೆ, ಹೊರಬರುವ ಅನಿಲದಿಂದ ವಿದ್ಯುತ್ತೂ ಹುಟ್ಟುತ್ತದೆ. ಮುಂದೆ ಊದುಕುಲುಮೆಗಳೂ ಸೇರಿಕೊಂಡವು. 2005ರಲ್ಲಿ ಜೆಎಸ್‌ಡಬ್ಲ್ಯು ಸ್ಟೀಲ್ ಎಂಬ ಹೆಸರು ಬಂದ ಮೇಲೆ ಕಾರ್ಖಾನೆ ಬೆಳೆಯುತ್ತಲೇ ಹೋಯಿತು: ವರ್ಷಕ್ಕೆ 1.2 ಕೋಟಿ ಟನ್ ಸಾಮರ್ಥ್ಯ ತಲುಪಿ, ಈಚಿನ ವಿಸ್ತರಣೆಯಲ್ಲಿ ಇನ್ನೂ 50 ಲಕ್ಷ ಟನ್ ಸೇರಿತು. ಒಂದೇ ಜಾಗದಲ್ಲಿ ಇಷ್ಟು ಉಕ್ಕು ತಯಾರಿಸುವ ಕಾರ್ಖಾನೆ ದೇಶದಲ್ಲಿ ಮತ್ತೊಂದಿಲ್ಲ.

ಹೀಗೆ ಒಂದು ರೈಲು ನಿಲ್ದಾಣದ ಹಳ್ಳಿ ನಗರವಾಯಿತು. ಕಂಪನಿಯ ಜನಕ್ಕೆ ವಿದ್ಯಾನಗರ ಎಂಬ ಬಡಾವಣೆ, ಅದಕ್ಕೊಂದು ವಿಮಾನ ನಿಲ್ದಾಣ. ಬೇಲಿಯ ಆಚೆ ಗುತ್ತಿಗೆ ಕಾರ್ಮಿಕರ ಬಾಡಿಗೆ ಕೋಣೆಗಳು, ಖಾನಾವಳಿಗಳು, ಟೈರ್ ಅಂಗಡಿಗಳು. ಬಿಹಾರ, ಜಾರ್ಖಂಡ್, ಒಡಿಶಾದವರ ಮಾತು ಕೇಳುವ ಆ ಬೀದಿಗಳನ್ನು ನಗರ ಎನ್ನಲು ಮನಸ್ಸು ಬರುವುದಿಲ್ಲ. ಕಾರ್ಖಾನೆ ಬೆಳೆದ ವೇಗದಲ್ಲಿ ಊರು ಬೆಳೆಯಲಿಲ್ಲ. ಹತ್ತಿರದ ಕುಡತಿನಿಯಲ್ಲಿ 1,700 ಮೆಗಾವಾಟ್‌ನ ಬಳ್ಳಾರಿ ಶಾಖೋತ್ಪನ್ನ ಸ್ಥಾವರವೂ ಇದೆ. ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಹಡಗಿನಲ್ಲಿ ಬರುತ್ತದೆ; ಒಂದು ಪಾಲು ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿದು ಪಶ್ಚಿಮ ಘಟ್ಟ ಹತ್ತಿ ರೈಲಿನಲ್ಲಿ ಬರುತ್ತದೆ. ಆ ಕರಿ ಧೂಳಿನ ವಿರುದ್ಧ ಗೋವಾದವರೂ ಬೀದಿಗಿಳಿದಿದ್ದಾರೆ.

ಇನ್ನು ಗಣಿ ಹಗರಣದ ಕಥೆ. 2003ರ ಹೊತ್ತಿಗೆ ಚೀನಾ ಅದಿರಿಗೆ ಬಾಯ್ದೆರೆಯಿತು. ಅಲ್ಲಿಯವರೆಗೆ ಗುಡ್ಡದ ಬದಿಗೆ ಕಸವಾಗಿ ಸುರಿಯುತ್ತಿದ್ದ ಪುಡಿ ಅದಿರಿಗೂ ಬೆಲೆ ಬಂತು. ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದ ಪಟ್ಟಾ ಜಮೀನಿನ ಮೇಲ್ಮಣ್ಣಿನಲ್ಲೂ ಅದಿರಿನ ಹರಳುಗಳಿದ್ದವು. ರೈತರು ಹೊಲವನ್ನೇ ಅಗೆಯಲು ಕೊಟ್ಟರು, ಸಾಲ ಮಾಡಿ ಟಿಪ್ಪರ್ ಕೊಂಡರು. ಹಗಲೂ ರಾತ್ರಿ ಲಾರಿಗಳು ಓಡಿ ರಸ್ತೆ ಕಿತ್ತುಹೋದವು, ಬೆಳೆಯ ಎಲೆಗಳು ಕೆಂಪಾದವು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅಕ್ರಮವೆಂದು ಜಪ್ತಿ ಮಾಡಿಟ್ಟಿದ್ದ ಅದಿರಿನಲ್ಲಿ ಬಹುಪಾಲು ಮಾಯವಾಯಿತು. ಲಕ್ಷಾಂತರ ಟನ್ ಕಲ್ಲು ಕಾವಲಿನವರ ಕಣ್ತಪ್ಪಿಸಿ ಹಡಗು ಹತ್ತಿತು ಎಂದರೆ ಕಾವಲು ಎಂಥದ್ದಿತ್ತೆಂದು ಊಹಿಸಬಹುದು.

ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಅಂತಿಮ ವರದಿ 2011ರ ಜುಲೈನಲ್ಲಿ ಬಂತು. ಮುಖ್ಯಮಂತ್ರಿಯ ಕುರ್ಚಿ ಹೋಯಿತು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದೇ ತಿಂಗಳು ಬಳ್ಳಾರಿಯ ಗಣಿಗಳಿಗೆ ಬೀಗ ಹಾಕಿತು. 2013ರ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗ ಮಾಡಿ, ತೀರ ಕೆಟ್ಟದಾಗಿ ಕಾನೂನು ಮುರಿದ ಐವತ್ತರಷ್ಟು ಗುತ್ತಿಗೆಗಳನ್ನು ರದ್ದು ಮಾಡಿತು. ಬಳ್ಳಾರಿಯಿಂದ ವರ್ಷಕ್ಕೆ 2.5 ಕೋಟಿ ಟನ್ನಿಗಿಂತ ಹೆಚ್ಚು ತೆಗೆಯಬಾರದು, ಮಾರಾಟ ಇ-ಹರಾಜಿನಲ್ಲೇ ಆಗಬೇಕು ಎಂಬ ಕಟ್ಟಳೆ ಬಂತು. 2022ರಲ್ಲಿ ಇ-ಹರಾಜಿನ ಕಟ್ಟಳೆ ಸಡಿಲವಾಯಿತು, ಮಿತಿ 3.5 ಕೋಟಿ ಟನ್ನಿಗೆ ಏರಿತು. ಈಗ ಅದಿರಿನ ಒಂದು ಭಾಗ ಕೊಳವೆಯಂತೆ ಮಡಚಿಕೊಳ್ಳುವ ಉದ್ದನೆಯ ಕನ್ವೇಯರ್ ಬೆಲ್ಟ್ ಮೇಲೆ ಗಣಿಯ ಕಡೆಯಿಂದ ನೇರ ಕಾರ್ಖಾನೆಗೆ ಸಾಗುತ್ತದೆ. ಅಷ್ಟರಮಟ್ಟಿಗೆ ಲಾರಿ ಮತ್ತು ಧೂಳು ತಗ್ಗಿದವು, ನಿಜ. ಲಾರಿ ನಂಬಿ ಸಾಲ ಮಾಡಿದವರ ಕಥೆ ಯಾವ ವರದಿಯಲ್ಲೂ ವಿಸ್ತಾರವಾಗಿ ಬರಲಿಲ್ಲ.

ಗುಡ್ಡದ ಜಗಳ ಮುಗಿದಿಲ್ಲ. ಕುದುರೆಮುಖದ ಗಣಿ 2005ರ ಕೊನೆಗೆ ಮುಚ್ಚಿದ ಮೇಲೆ ಸ್ವಂತ ಅದಿರಿಲ್ಲದೆ ಕೂತ ಕೇಂದ್ರ ಸರ್ಕಾರದ ಕಂಪನಿ ಕೆಐಒಸಿಎಲ್‌ಗೆ ಸಂಡೂರಿನ ದೇವದಾರಿ ಬೆಟ್ಟ ಕೊಡುವ ಕಡತಕ್ಕೆ 2024ರ ಜೂನ್‌ನಲ್ಲಿ ಕೇಂದ್ರದಲ್ಲಿ ಸಹಿ ಬಿತ್ತು. 400 ಹೆಕ್ಟೇರಿನಷ್ಟು ಕಾಡು, 99 ಸಾವಿರಕ್ಕೂ ಹೆಚ್ಚು ಮರ ಎಂಬ ಲೆಕ್ಕ ಹೊರಬಿದ್ದೊಡನೆ ವಿರೋಧ ಎದ್ದಿತು; ರಾಜ್ಯದ ಅರಣ್ಯ ಇಲಾಖೆ ಜಮೀನು ಹಸ್ತಾಂತರಕ್ಕೆ ತಡೆ ಹಾಕಿತು. ಇತ್ತ ತೋರಣಗಲ್ಲಿನ ಕಾರ್ಖಾನೆಗೆ 3,667 ಎಕರೆ ಸರ್ಕಾರಿ ಜಮೀನನ್ನು ಮಾರಿಕೊಡುವ ವಿಚಾರ 2019ರಿಂದ ಸರ್ಕಾರಗಳನ್ನು ಕಾಡುತ್ತಲೇ ಬಂದಿದೆ. ವಿರೋಧ ಪಕ್ಷದಲ್ಲಿದ್ದಾಗ ಕೂಗಿದವರೇ ಅಧಿಕಾರಕ್ಕೆ ಬಂದಾಗ ಮೆತ್ತಗಾದದ್ದನ್ನೂ ಜನ ನೋಡಿದ್ದಾರೆ.

ಸಂಡೂರಿನಲ್ಲಿ ಗಣಿಯ ಹೊರತಾಗಿಯೂ ಒಂದು ದುಡಿಮೆ ಇದೆ. ಅಲ್ಲಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಹಾಕುವ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ತಾಂಡಾಗಳಲ್ಲೂ ಅದೇ ಕನ್ನಡಿ ಚೂರು, ಕವಡೆಯ ಕೆಲಸ ಬಲ್ಲ ಅಜ್ಜಿಯರಿದ್ದಾರೆ. ಅವರ ಮಕ್ಕಳು ಮಾತ್ರ ಗೋವಾ, ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ.

ವಿಜಯಪುರ ಜಿಲ್ಲೆಯ ಓದುಗರಿಗೆ ಇದು ಪರವೂರಿನ ಕಥೆಯಲ್ಲ. ಕೂಡಗಿಯಲ್ಲಿ 800 ಮೆಗಾವಾಟ್‌ನ ಮೂರು ಘಟಕಗಳು ಆಲಮಟ್ಟಿಯ ನೀರು ಕುಡಿದು, ಹೊರಗಿನ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತವೆ. ಅಲ್ಲಿ 2014ರ ಜುಲೈನಲ್ಲಿ ಪ್ರತಿಭಟನೆಗಿಳಿದವರ ಮೇಲೆ ಗೋಲಿಬಾರ್ ಆಯಿತು. ಹೊಲ ಕೊಟ್ಟವರು, ಬೂದಿಗೆ ಹೆದರಿದವರು ಕೇಳಿದ ಪ್ರಶ್ನೆಗಳನ್ನೇ ಸಂಡೂರಿನ ಹಳ್ಳಿಗಳವರೂ ಕೇಳುತ್ತಿದ್ದಾರೆ.

ಒಂದು ವ್ಯತ್ಯಾಸವಿದೆ. ಕೋರ್ಟಿನ ಆದೇಶದಿಂದ ಸಂಡೂರಿನ ಪಾಲಿಗೆ ದೊಡ್ಡ ಗಂಟು ಕೂಡಿದೆ. ಗಣಿಬಾಧಿತ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಹಣ ಜಿಲ್ಲಾ ಕೇಂದ್ರಗಳ ದೊಡ್ಡ ಕಟ್ಟಡಗಳಿಗೆ ಹರಿಯುವ ಮೊದಲು ಧೂಳು ಕುಡಿದ ಹಳ್ಳಿಗಳ ನಳ, ಆಸ್ಪತ್ರೆ, ಕೆರೆಗಳಿಗೆ ಮುಟ್ಟಬೇಕು. ಆಲಮಟ್ಟಿಯಿಂದ ಉಕ್ಕಿಗೂ ವಿದ್ಯುತ್ತಿಗೂ ಹೋಗುವ ನೀರಿನ ಬಾಬ್ತಿನಲ್ಲಿ ಅಣೆಕಟ್ಟೆಗಾಗಿ ಊರು ಬಿಟ್ಟವರಿಗೂ ಇಂಥದ್ದೇ ಒಂದು ನಿಧಿ ಇರಬೇಕೆಂದು ಬಾಗೇವಾಡಿ, ಮುದ್ದೇಬಿಹಾಳದವರು ಕೇಳಿದರೆ ಅದು ಅತಿಯಾಸೆಯಲ್ಲ, ಹಕ್ಕು.